ಸ್ಪೀಕರಿಗಿಂತ ಮೊದಲು ಕೋಣೆ

ಶಿವಮೊಗ್ಗದಲ್ಲಿ ಹೊಸ ಫ್ಲಾಟಿಗೆ ಮ್ಯೂಸಿಕ್ ಸಿಸ್ಟಮ್ ಹುಡುಕುತ್ತ ಅಂಗಡಿಗೆ ಹೋದರೆ ಮೊದಲು ಕಿವಿಗೆ ಬೀಳುವುದು ವಾಟ್ಸ್ ಲೆಕ್ಕ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಹಾಲ್‌ನಲ್ಲಿ ಆ ಅಂಕಿಗೆ ಹೆಚ್ಚು ಅರ್ಥವಿಲ್ಲ. ಸಾಧಾರಣ ಪುಟ್ಟ ಸ್ಪೀಕರ್ ಒಂದೇ ವಾಟ್‌ನಲ್ಲಿ, ಒಂದು ಮೀಟರ್ ದೂರದಲ್ಲಿ, 85 ಡೆಸಿಬಲ್ ಆಸುಪಾಸು ಸದ್ದು ಕೊಡುತ್ತದೆ. ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬಲ್. ಸದ್ದು ಕಿವಿಗೆ ಇಮ್ಮಡಿ ಎನ್ನಿಸಬೇಕಾದರೆ ಶಕ್ತಿ ಹತ್ತು ಪಟ್ಟಾಗಬೇಕು, ಅಂದರೆ 10 ಡೆಸಿಬಲ್ ಏರಬೇಕು. 50 ವಾಟ್‌ಗೂ 100 ವಾಟ್‌ಗೂ ನಡುವಿನ ಅಂತರ ಬರೀ 3 ಡೆಸಿಬಲ್.

ಹಣಕ್ಕಿಂತ ಮೊದಲು ಗಮನ ಬೇಡುವುದು ಕೋಣೆ. ತೀರ್ಥಹಳ್ಳಿ, ಸಾಗರದ ಕಡೆಯ ಹಳೆಯ ಹಂಚಿನ ಮನೆಗಳಲ್ಲಿ ರೇಡಿಯೋ ಕೂಡ ಹಿತವಾಗಿ ಕೇಳುತ್ತಿತ್ತು. ಹಂಚಿನ ಸಂದಿನಿಂದ, ತೆರೆದ ಜಗುಲಿಯಿಂದ ಸದ್ದು ಹೊರಗೆ ಹೋಗುತ್ತದೆ. ಹಲಗೆಯ ಮುಚ್ಚಿಗೆ ಮಂದ್ರ ಸ್ವರಕ್ಕೆ ತಾನೂ ಅಲುಗಿ ಅದರ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಫ್ಲಾಟಿನ ಕಾಂಕ್ರೀಟ್ ಗೋಡೆ, ನುಣುಪು ಟೈಲ್ಸ್ ನೆಲ ಬಿದ್ದ ಸದ್ದನ್ನು ಬಹುಪಾಲು ಹಾಗೆಯೇ ಹಿಂದಿರುಗಿಸುತ್ತವೆ. ಖಾಲಿ ಹಾಲ್‌ನಲ್ಲಿ ಒಮ್ಮೆ ಚಪ್ಪಾಳೆ ತಟ್ಟಿ ನೋಡಿ: ಎದುರುಬದುರಿನ ಗೋಡೆಗಳ ನಡುವೆ ಅದು ಝರ್ ಎಂದು ಓಡಾಡುವುದು ಕೇಳಿಸುತ್ತದೆ. ಹಾಡಿನ ಪ್ರತಿ ಅಕ್ಷರದ ಹಿಂದೆಯೂ ಇದೇ ಬಾಲ ಅಂಟಿಕೊಳ್ಳುತ್ತದೆ.

ಇದನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೈನ್. ಅಲ್ಲಿನ ಫಾಗ್ ಮ್ಯೂಸಿಯಂನ ಉಪನ್ಯಾಸ ಕೊಠಡಿಯಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಹೆಚ್ಚು ಕಾಲ ಅನುರಣಿಸುತ್ತಿತ್ತು. 1895ರಲ್ಲಿ ಅದನ್ನು ಸರಿಪಡಿಸುವ ಕೆಲಸ ವಹಿಸಿಕೊಂಡ ಅವರು ರಂಗಮಂದಿರವೊಂದರ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಹಾಸಿ, ಎಷ್ಟು ಮೆತ್ತೆಗೆ ಅನುರಣನ ಎಷ್ಟು ತಗ್ಗುತ್ತದೆ ಎಂದು ಅಳೆದರು. ಸದ್ದು ಹೀರುವುದಕ್ಕೆ ಅವರು ಇಟ್ಟುಕೊಂಡ ಮಾನ ತೆರೆದ ಕಿಟಕಿ. ಅದರಿಂದ ಹೊರಬಿದ್ದದ್ದು ಮರಳುವುದಿಲ್ಲವಲ್ಲ. ನಮ್ಮ ಹಾಲ್‌ಗೂ ಅದೇ ಸೂತ್ರ ಸಾಕು: ದಪ್ಪ ಪರದೆ, ಜಮಖಾನ, ಬಟ್ಟೆಯ ಸೋಫಾ, ಪುಸ್ತಕ ತುಂಬಿದ ಕಪಾಟು. ಇವುಗಳಲ್ಲಿ ಅರ್ಧ ಮನೆಯಲ್ಲಿಯೇ ಇರುತ್ತವೆ.

ಮೆತ್ತೆ, ಪರದೆಗಳಿಗೆ ಜಗ್ಗದಿರುವುದು ಮಂದ್ರ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಸೆಕೆಂಡಿಗೆ 56 ಬಾರಿ ಕಂಪಿಸುವ, ಅಂದರೆ 56 ಹರ್ಟ್ಸ್‌ನ, ಸ್ವರದ ಅರ್ಧ ಅಲೆ ಹತ್ತು ಅಡಿಗೆ ಸರಿಹೊಂದುತ್ತದೆ, 47 ಹರ್ಟ್ಸ್‌ನದು ಹನ್ನೆರಡು ಅಡಿಗೆ. ಆ ಸ್ವರ ಬಂದಾಗ ಅಲೆ ಗೋಡೆಗಳ ನಡುವೆ ನಿಂತುಬಿಡುತ್ತದೆ: ಗೋಡೆಯ ಪಕ್ಕದಲ್ಲಿ ಗುಂಯ್ ಎಂದು ಉಬ್ಬುತ್ತದೆ, ಕೋಣೆಯ ನಟ್ಟನಡುವೆ ಕಳೆದೇ ಹೋಗುತ್ತದೆ. ಸೋಫಾವನ್ನು ಒಂದೆರಡು ಅಡಿ ಸರಿಸಿದರೆ ಬೇಸ್ ಬದಲಾಗುವುದು ಇದರಿಂದಲೇ. ಕಾಂಕ್ರೀಟಿನ ನೆಲವನ್ನು ದಾಟಿ ಕೆಳಮನೆಯವರ ನಿದ್ದೆ ಕೆಡಿಸುವುದೂ ಈ ಮಂದ್ರವೇ. ಹಾಗಾಗಿ ಮಂದ್ರಕ್ಕೆಂದೇ ಇರುವ ಸಬ್‌ವೂಫರ್ ಸ್ಪೀಕರ್ ಸಣ್ಣ ಫ್ಲಾಟಿಗೆ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದರ ಹಣವನ್ನು ಎರಡು ಒಳ್ಳೆಯ ಪುಟ್ಟ ಸ್ಪೀಕರುಗಳಿಗೆ ಹಾಕಿ. ಆಂಪ್ಲಿಫೈಯರ್ ಒಳಗೇ ಇರುವ ಜೋಡಿ ಹತ್ತು-ಹದಿನೈದು ಸಾವಿರಕ್ಕೆ ಸಿಗುತ್ತದೆ. ಅದಕ್ಕೆ ಮೊಬೈಲ್ ಜೋಡಿಸಿದರೆ ಮುಗಿಯಿತು. ಭದ್ರಾವತಿ ಆಕಾಶವಾಣಿಯನ್ನು ಮಧ್ಯಮ ತರಂಗದಲ್ಲಿ ಕೇಳಿದವರಿಗೆ ಗೊತ್ತು: ಆ ಪ್ರಸಾರ ಸುಮಾರು 4500 ಹರ್ಟ್ಸ್‌ನಾಚೆಗೆ ಹೋಗುವುದಿಲ್ಲ, ಆದರೂ ಮಾತು ಸ್ಪಷ್ಟ. ಹೊಸಹಳ್ಳಿಯ ಗಮಕವಾಗಲಿ, ಭಾವಗೀತೆಯಾಗಲಿ, ಕೇಳುಗರನ್ನು ಹಿಡಿದಿಡುವ ದನಿಯ ಜೀವ ತೀರ ಮಂದ್ರವೂ ತೀರ ತಾರವೂ ಅಲ್ಲದ ಈ ನಡುಪಟ್ಟಿಯಲ್ಲಿದೆ. ಅಂಗಡಿಯಲ್ಲಿ ಪರೀಕ್ಷಿಸುವಾಗ ಅಬ್ಬರದ ಹಾಡು ಹಾಕಿಸಬೇಡಿ. ನಿಮಗೆ ಬಾಯಿಪಾಠವಿರುವ ಒಂದು ಗಾಯನವನ್ನು, ಮನೆಯಲ್ಲಿ ಕೇಳುವಷ್ಟೇ ಸಣ್ಣ ಸದ್ದಿನಲ್ಲಿ ಹಾಕಿಸಿ.

ಮನೆಗೆ ತಂದ ಮೇಲೆ ಎರಡು ಸ್ಪೀಕರುಗಳ ನಡುವಿನ ದೂರವೂ ಅವುಗಳಿಂದ ನಿಮ್ಮ ದೂರವೂ ಹೆಚ್ಚುಕಡಿಮೆ ಒಂದೇ ಇರಲಿ, ಎತ್ತರ ಕಿವಿಯ ಮಟ್ಟದ್ದು. ಮೂಲೆಗೆ ಒತ್ತಿದರೆ ಮಂದ್ರ ಊದಿಕೊಂಡು ಮಾತು ಮಸುಕಾಗುತ್ತದೆ. ಗೋಡೆಯಿಂದ ಒಂದು ಅಡಿಯಾದರೂ ಮುಂದಕ್ಕಿಡಿ.

ಮಲೆನಾಡಿಗೇ ಸೇರಿದ ಒಂದು ಎಚ್ಚರಿಕೆಯಿದೆ. ಸ್ಪೀಕರಿನಲ್ಲಿ ಅಲುಗಿ ಸದ್ದು ಹೊರಡಿಸುವ ಕೋನ್ ಸುತ್ತ ಸ್ಪಂಜಿನ ಅಂಚಿದ್ದರೆ ಅದು ನಮ್ಮ ತೇವಕ್ಕೆ ಬೇಗ ಪುಡಿಯಾಗುತ್ತದೆ, ರಬ್ಬರ್ ಅಂಚಿನದನ್ನೇ ಕೇಳಿ ತನ್ನಿ. ಆಷಾಢದಲ್ಲಿ ಅದನ್ನು ಹೊರಗೋಡೆಗೆ ತಾಗಿಸದೆ, ಆಗಾಗ ಹಾಡಿಸುತ್ತಿರಿ. ಒಳಗಿನ ಸಣ್ಣ ಬಿಸಿ ತೇವ ಕೂರಲು ಬಿಡುವುದಿಲ್ಲ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾದರೆ ಸ್ವಿಚ್ ಆರಿಸಿದರಷ್ಟೇ ಸಾಲದು, ಪ್ಲಗ್ ಕಿತ್ತಿಡಬೇಕು.