ಒಂದು ಕಿಲೋ ಜೋಳದಲ್ಲಿ ಐದು ಗೋಧಿ ಕಾಳು

ನನ್ನ ಮಗನಿಗೆ ಮೊಟ್ಟೆ, ಹಾಲು ಎರಡೂ ಆಗುವುದಿಲ್ಲ. ಅಕ್ಕನ ಮಗಳಿಗೆ ಸೀಲಿಯಾಕ್ ಕಾಯಿಲೆ, ಗೋಧಿ ಮುಟ್ಟುವ ಹಾಗಿಲ್ಲ. ವಿಜಯಪುರದಲ್ಲಿ ನಮ್ಮಿಬ್ಬರ ಮನೆಯೂ ಒಂದೇ ಓಣಿಯಲ್ಲಿದೆ. ಯಾರ ಹುಟ್ಟುಹಬ್ಬವಾದರೂ ಈ ಇಬ್ಬರು ಮಕ್ಕಳು ಬೇರೆಯವರ ತಟ್ಟೆ ನೋಡುತ್ತಾ ಕೂರುತ್ತಿದ್ದರು. ಇಬ್ಬರೂ ತಿನ್ನುವಂಥ ಒಂದು ಕೇಕ್ ಮನೆಯಲ್ಲೇ ಮಾಡಬೇಕು ಅಂತ ಹಟ ಹಿಡಿದೆ.

ಇಬ್ಬರ ತೊಂದರೆಯೂ ಒಂದೇ ಅಲ್ಲ. ಮಗನದು ಅಲರ್ಜಿ. ಹಾಲು, ಮೊಟ್ಟೆಯ ಪ್ರೋಟೀನನ್ನು ಅವನ ಮೈ ಶತ್ರು ಎಂದು ತಿಳಿಯುತ್ತದೆ. ಸ್ವಲ್ಪ ಹೊತ್ತಿನಲ್ಲೇ ದದ್ದು ಏಳುತ್ತದೆ, ತುಟಿ ಊದುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಓಡಬೇಕು. ಸೀಲಿಯಾಕ್ ಹಾಗಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದಾಗ ಮೈಯ ರಕ್ಷಣಾ ವ್ಯವಸ್ಥೆ ಸಣ್ಣ ಕರುಳನ್ನೇ ನಿಧಾನವಾಗಿ ಹಾಳು ಮಾಡುತ್ತದೆ. ಮೇಲೆ ಏನೂ ಕಾಣದೇ ಇರಬಹುದು.

"ಆಕಳ ಹಾಲು ಆಗದಿದ್ದರೆ ಆಡಿನ ಹಾಲು ಕೊಡವ್ವಾ" ಎಂದು ಎಷ್ಟೋ ಜನ ಹೇಳಿದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ಆಡು, ಎಮ್ಮೆ, ಆಕಳು ಮೂರರ ಹಾಲಿನ ಪ್ರೋಟೀನೂ ಹೆಚ್ಚುಕಡಿಮೆ ಒಂದೇ ಥರ. ತುಪ್ಪದಲ್ಲೂ ಹಾಲಿನ ಪ್ರೋಟೀನು ಚೂರು ಉಳಿದಿರುತ್ತದೆ. ಇನ್ನು ಮೊಟ್ಟೆ. ಚೆನ್ನಾಗಿ ಬೆಂದ ಮೊಟ್ಟೆ ಕೆಲವು ಮಕ್ಕಳಿಗೆ ಆಗುತ್ತದೆ, ನಿಜ. ಆದರೆ ಮೊಟ್ಟೆಯಲ್ಲಿ ಓವೋಮ್ಯುಕಾಯ್ಡ್ ಎಂಬ ಒಂದು ಪ್ರೋಟೀನು ಬಿಸಿಗೆ ಸುಲಭವಾಗಿ ಬಗ್ಗುವುದಿಲ್ಲ. ಹಾಗಾಗಿ ಚೂರು ತಿನ್ನಿಸಿ ನೋಡುವ ಪರೀಕ್ಷೆ ಡಾಕ್ಟರ ಮುಂದೆಯೇ ಆಗಬೇಕು. ಮನೆಯಲ್ಲಿ ಮಾತ್ರ ಬೇಡ.

ನನ್ನ ಮೊದಲ ಕೇಕ್ ಉಸುಕಿನ ಹಾಗೆ ಉದುರಿತು. ಮೈದಾ ಬದಲು ಜೋಳದ ಹಿಟ್ಟು, ಹಾಲಿನ ಬದಲು ನೀರು ಹಾಕಿದ್ದೆ. ಮೊಟ್ಟೆಯನ್ನು ಬಿಟ್ಟೇಬಿಟ್ಟಿದ್ದೆ. ಸಾಮಾನು ಬದಲಿಸಿದೆ, ಆದರೆ ಆ ಸಾಮಾನು ಮಾಡುತ್ತಿದ್ದ ಕೆಲಸವನ್ನು ಯಾರಿಗೂ ವಹಿಸಿರಲಿಲ್ಲ.

ಗೋಧಿಯ ಕೆಲಸ ಏನು ಅಂತ ಕಣ್ಣಾರೆ ನೋಡಬಹುದು. ಮುಷ್ಟಿಯಷ್ಟು ಗೋಧಿ ಹಿಟ್ಟು ಗಟ್ಟಿಯಾಗಿ ನಾದಿ, ನೀರಿನಲ್ಲಿ ಹಿಸುಕುತ್ತಾ ತೊಳೆಯಿರಿ. ಬಿಳಿ ಪಿಷ್ಟವೆಲ್ಲ ಹರಿದುಹೋಗಿ ಕೈಯಲ್ಲಿ ರಬ್ಬರಿನಂಥ ಉಂಡೆ ಉಳಿಯುತ್ತದೆ. ಅದೇ ಗ್ಲುಟೆನ್. ಇಟಲಿಯ ಬೆಕಾರಿ ಎಂಬ ವಿಜ್ಞಾನಿ ಹೀಗೇ ತೊಳೆದು ಅದನ್ನು ಬೇರೆ ಮಾಡಿದ್ದು 1745ರಲ್ಲಿ ಅಚ್ಚಾಯಿತು. ಕೇಕ್ ಒಳಗೆ ಏಳುವ ಗಾಳಿಗುಳ್ಳೆಗಳನ್ನು ಒಡೆಯದಂತೆ ಹಿಡಿಯುವುದು ಈ ಬಲೆಯೇ. ಜೋಳದ ಹಿಟ್ಟನ್ನು ಹೀಗೆ ತೊಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಹಾಗಾದರೆ ಜೋಳದ ರೊಟ್ಟಿ ತಟ್ಟುವಾಗ ಯಾಕೆ ಹರಿಯುವುದಿಲ್ಲ? ಅವ್ವ ಎಸರಿಟ್ಟು, ಕುದಿಯುವ ನೀರನ್ನು ಹಿಟ್ಟಿನ ನಡುವೆ ಸುರಿಯುತ್ತಾಳೆ. ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಜೋಳದ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ, ಗಂಜಿಯಾಗಿ ಅಂಟುತ್ತವೆ. ತಣ್ಣೀರಲ್ಲಿ ಕಲಸಿದರೆ ಆ ಜಿಗಿ ಬರುವುದಿಲ್ಲ. ಗೋಧಿಯಲ್ಲಿ ಪ್ರೋಟೀನು ಮಾಡುವ ಕೆಲಸವನ್ನು ಇಲ್ಲಿ ಬೆಂದ ಪಿಷ್ಟ ಸ್ವಲ್ಪಮಟ್ಟಿಗೆ ಮಾಡುತ್ತದೆ. ಇದು ಹೊಳೆದ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಎರಡನೇ ಸಲ ಹಿಟ್ಟಿನ ಕಾಲು ಭಾಗಕ್ಕೆ ಎಸರು ಹಾಕಿ ಮುದ್ದೆ ಮಾಡಿಕೊಂಡೆ. ಆರಿದ ಮೇಲೆ ಉಳಿದ ಹಿಟ್ಟು ಬೆರೆಸಿದೆ. ಒಂದು ಮೊಟ್ಟೆಯ ಬದಲಿಗೆ ಒಂದು ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಲ್ಲಿ ಹತ್ತು ನಿಮಿಷ ನೆನೆಸಿದೆ. ಅಗಸೆಯ ಸಿಪ್ಪೆಯಲ್ಲಿರುವ ಲೋಳೆ ಮೊಟ್ಟೆಯ ಬಿಳಿಯಂತೆ ಎಲ್ಲವನ್ನೂ ಕಟ್ಟಿ ಹಿಡಿಯುತ್ತದೆ. ಹಾಲಿಗೆ ಕುಸುಬಿ ನೆನೆಸಿ, ರುಬ್ಬಿ, ಸೋಸಿದೆ. ಹುಗ್ಗಿಗೆ ನಮ್ಮ ಕಡೆ ಹಿಂಡುವ ಕುಸುಬಿ ಹಾಲೇ ಅದು. ಸಿಹಿಗೆ ಬೆಲ್ಲ. ಕಲಸಿದ್ದನ್ನು ಅರ್ಧ ಗಂಟೆ ಬಿಟ್ಟೆ, ಯಾಕೆಂದರೆ ಜೋಳ ನಿಧಾನವಾಗಿ ನೀರು ಕುಡಿಯುತ್ತದೆ. ಅವಸರ ಮಾಡಿದರೆ ಬಾಯಲ್ಲಿ ತರಿ ಸಿಗುತ್ತದೆ.

ಉಬ್ಬಿಸಲು ಕೊನೆಗೆ ಅಡಿಗೆ ಸೋಡಾ, ಲಿಂಬೆ ರಸ. ಸೋಡಾಕ್ಕೆ ಹುಳಿ ಸೇರಿದ ಕೂಡಲೇ ಇಂಗಾಲದ ಡೈಆಕ್ಸೈಡ್ ಗುಳ್ಳೆ ಏಳುತ್ತವೆ. ಆಮೇಲೆ ತಡ ಮಾಡಬಾರದು. ಹುಳಿ ಕಡಿಮೆಯಾದರೆ ಸೋಡಾ ಉಳಿದು ಸಾಬೂನಿನ ರುಚಿ ಬರುತ್ತದೆ. ಬೇಕಿಂಗ್ ಪೌಡರಿನಲ್ಲಿ ಈ ಹುಳಿ ಮೊದಲೇ ಪುಡಿಯಾಗಿ ಸೇರಿರುತ್ತದೆ. ಅದರ ಹಿಂದೆ ನನಗೆ ತುಂಬಾ ಹತ್ತಿರವಾದ ಕಥೆಯಿದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಅವರ ಹೆಂಡತಿಗೆ ಮೊಟ್ಟೆಯೂ ಆಗುತ್ತಿರಲಿಲ್ಲ, ಯೀಸ್ಟೂ ಆಗುತ್ತಿರಲಿಲ್ಲ. ಅವರಿಗಾಗಿ ಆತ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿ, 1843ರಲ್ಲಿ ಯೀಸ್ಟ್ ಬೇಡದ ಬೇಕಿಂಗ್ ಪೌಡರ್ ಮಾಡಿದರು. 'ಅಲರ್ಜಿ' ಎಂಬ ಪದವೇ ಆಗ ಇರಲಿಲ್ಲ. ಅದು ಬಂದದ್ದು 1906ರಲ್ಲಿ.

ಓವನ್ ಇಲ್ಲ. ಕುಕ್ಕರಿನ ಸೀಟಿ, ರಬ್ಬರ್ ರಿಂಗ್ ತೆಗೆದು, ತಳಕ್ಕೆ ಉಪ್ಪು ಹರಡಿ, ಸಣ್ಣ ಉರಿಯಲ್ಲಿ ಬೇಯಿಸಿದೆ. ಪೂರ್ತಿ ಆರಿದ ಮೇಲೆ ಕೊಯ್ದೆ. ಬಿಸಿ ಇದ್ದಾಗ ಪಿಷ್ಟ ಇನ್ನೂ ಮೆತ್ತಗಿರುತ್ತದೆ, ಆರಿದಂತೆ ಗಟ್ಟಿಯಾಗುತ್ತದೆ. ಕೇಕ್ ಉದುರಲಿಲ್ಲ. ಮಕ್ಕಳಿಬ್ಬರೂ ಒಂದೇ ತಟ್ಟೆಯಲ್ಲಿ ತಿಂದರು.

ಆದರೂ ಅಕ್ಕನ ಮಗಳ ಹೊಟ್ಟೆನೋವು ಹೋಗಿರಲಿಲ್ಲ. ಡಾಕ್ಟರು ಕೇಳಿದ್ದು ಒಂದೇ ಮಾತು: "ಜೋಳ ಎಲ್ಲಿ ಬೀಸಿಸ್ತೀರಿ?" ಗಿರಣಿಯಲ್ಲಿ ನಮಗಿಂತ ಮುಂಚೆ ಯಾರದೋ ಗೋಧಿ ಬೀಸಿರುತ್ತಾರೆ. ಕಲ್ಲಿನಲ್ಲಿ ಉಳಿದ ಹಿಟ್ಟು ನಮ್ಮ ಡಬ್ಬಿಗೆ ಬರುತ್ತದೆ. ಗ್ಲುಟೆನ್ ಇಲ್ಲ ಎಂದು ಬರೆದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂ ಗ್ಲುಟೆನ್ ಮೀರಬಾರದು ಎಂಬ ಮಿತಿಯಿದೆ. ಒಂದು ಗೋಧಿ ಕಾಳು ಸುಮಾರು 40 ಮಿಲಿಗ್ರಾಂ ತೂಗುತ್ತದೆ, ಅದರಲ್ಲಿ ಸುಮಾರು ಹತ್ತನೇ ಒಂದು ಪಾಲು ಗ್ಲುಟೆನ್. ಅಂದರೆ ಕಿಲೋ ಜೋಳದಲ್ಲಿ ಐದು ಗೋಧಿ ಕಾಳು ಸೇರಿದರೆ ಮಿತಿ ಮುಟ್ಟಿತು!

ಈಗ ಜೋಳಕ್ಕೆಂದೇ ಮನೆಯಲ್ಲಿ ಒಂದು ಸಣ್ಣ ಗಿರಣಿ ಇದೆ, ಗೋಧಿ ಅದರ ಹತ್ತಿರ ಸುಳಿಯುವುದಿಲ್ಲ. ಆದರೆ ನಮ್ಮ ಕಡೆ ಜೋಳ, ಗೋಧಿ ಎರಡೂ ಹಿಂಗಾರಿ ಬೆಳೆ. ಒಂದೇ ಕಣ, ಒಂದೇ ಚೀಲ, ಒಂದೇ ಬಂಡಿ. ಅದಕ್ಕೇ ಬೀಸುವ ಮುಂಚೆ ಅವ್ವ ಮೊರ ಹಿಡಿದು ಪಡಸಾಲೆಯಲ್ಲಿ ಕೂರುತ್ತಾಳೆ, ಮೊಮ್ಮಗಳು ಪಕ್ಕದಲ್ಲಿ. ಹೋದ ವಾರ ಹಸನು ಮಾಡುವಾಗ ಎರಡು ಕಿಲೋದಲ್ಲಿ ಹದಿನಾಲ್ಕು ಗೋಧಿ ಕಾಳು ಸಿಕ್ಕವು. ಎಣಿಸಿದ್ದು ಅವಳೇ.