ಬೈಗುಳವಿಲ್ಲದ ಪೀಡನೆ: ಹದಿಹರೆಯದವರ ರಕ್ಷಣೆಗೆ ಇನ್‌ಸ್ಟಾಗ್ರಾಮ್ ಕೈಗೊಂಡ ಕ್ರಮಗಳ ಅಧ್ಯಯನ ಟಿಪ್ಪಣಿ

ಸೈಬರ್ ಪೀಡನೆಯನ್ನು ಅಭ್ಯಾಸ ಮಾಡುವವರು ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಒಂದಿದೆ. ಸಾಮಾಜಿಕ ಜಾಲತಾಣದ ಕಂಪನಿ ಪರಿಶೀಲಿಸುವುದು ಒಂದು ಕಾಮೆಂಟನ್ನು ಅಥವಾ ಒಂದು ಚಿತ್ರವನ್ನು. ಪೀಡನೆ ಬೇರೂರಿರುವುದು ಬರೆದವರ ಮತ್ತು ಓದಿದವರ ನಡುವಿನ ಸಂಬಂಧದಲ್ಲಿ. ಹುಡುಗಿಯೊಬ್ಬಳ ಪ್ರತಿಯೊಂದು ಫೋಟೊದ ಕೆಳಗೂ ಐದಾರು ಸಹಪಾಠಿಗಳು ‘ಸೂಪರ್ ಹೀರೋಯಿನ್’ ಎಂದು ಬರೆದು ನಗುವ ಎಮೋಜಿ ಹಾಕಿದರೆಂದು ಭಾವಿಸೋಣ. ಆ ಪದಗಳಲ್ಲಿ ಯಾವ ನಿಯಮವೂ ಮುರಿದಿಲ್ಲ, ಆದರೆ ಮರುದಿನ ಶಾಲೆಗೆ ಹೋಗಲು ಅವಳಿಗೆ ಕಾಲೇಳುವುದಿಲ್ಲ.

ಈ ತೊಡಕು ಕಂಪನಿಗಳಿಗೂ ತಿಳಿದಿದೆ. ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ಗಳ ಒಡೆತನ ಹೊಂದಿರುವ ಮೆಟಾ ತನ್ನ ನಿಯಮಗಳಲ್ಲಿ ಪ್ರಸಿದ್ಧ ವ್ಯಕ್ತಿಗಳಿಗಿಂತ ಸಾಮಾನ್ಯರಿಗೆ, ಅವರಲ್ಲಿಯೂ ಅಪ್ರಾಪ್ತ ವಯಸ್ಸಿನವರಿಗೆ ಹೆಚ್ಚಿನ ರಕ್ಷಣೆ ನೀಡುತ್ತದೆ. ಆದರೆ ಕೆಲವು ಬಗೆಯ ಮಾತುಗಳು ಗೆಳೆಯರ ತಮಾಷೆಯೋ ಅವಮಾನವೋ ಎಂಬುದು ಹೊರಗಿನವರಿಗೆ ತಿಳಿಯದ ಕಾರಣ, ಅಂಥವನ್ನು ತೆಗೆಯಬೇಕಾದರೆ ನೊಂದವರೇ ದೂರು ಕೊಡಬೇಕೆಂದು ಅದೇ ನಿಯಮಗಳು ಹೇಳುತ್ತವೆ. ತರ್ಕ ಸರಿಯಾಗಿಯೇ ಇದೆ. ಆದರೂ ಹೆದರಿ ಕುಳಿತ ಮಗುವಿನ ಹೆಗಲ ಮೇಲೆಯೇ ಮೊದಲ ಹೊರೆ ಬೀಳುತ್ತದೆ.

2019ರಲ್ಲಿ ಇನ್‌ಸ್ಟಾಗ್ರಾಮ್ ತಂದ ಎರಡು ಬದಲಾವಣೆಗಳನ್ನು ಇಲ್ಲಿ ವಿವರವಾಗಿ ನೋಡಬೇಕು. ಮೊದಲನೆಯದು, ನೋವುಂಟುಮಾಡಬಹುದಾದ ಕಾಮೆಂಟನ್ನು ಯಂತ್ರವೇ ಗುರುತಿಸಿ, ಅದು ಪ್ರಕಟವಾಗುವ ಮೊದಲು ‘ಇದನ್ನು ಹಾಕಲೇಬೇಕೆ?’ ಎಂಬ ಅರ್ಥದ ಸೂಚನೆಯನ್ನು ಬರೆದವರಿಗೆ ತೋರಿಸುವ ವ್ಯವಸ್ಥೆ. ಎರಡನೆಯದು ‘ರಿಸ್ಟ್ರಿಕ್ಟ್’, ಅಂದರೆ ನಿರ್ಬಂಧಿಸುವ ಸೌಲಭ್ಯ. ಪೀಡಿಸುವವರನ್ನು ಬ್ಲಾಕ್ ಮಾಡಲು ಹದಿಹರೆಯದವರು ಹಿಂಜರಿಯುತ್ತಾರೆ ಎಂಬ ಅರಿವಿನಿಂದ ಇದು ಹುಟ್ಟಿತು. ಬ್ಲಾಕ್ ಮಾಡಿದ್ದು ಎದುರಿನವರಿಗೆ ಗೊತ್ತಾಗುತ್ತದೆ, ಮರುದಿನ ಅದೇ ತರಗತಿಯಲ್ಲಿ ಅವರ ಮುಖ ನೋಡಬೇಕಾಗುತ್ತದೆ, ಜಗಳ ಇನ್ನಷ್ಟು ಬೆಳೆಯುತ್ತದೆ. ಜೊತೆಗೆ ಅವರು ತನ್ನ ಬಗ್ಗೆ ಏನು ಬರೆಯುತ್ತಿದ್ದಾರೆ ಎಂಬುದೂ ಕಣ್ಣಿಗೆ ಬೀಳದಂತಾಗುತ್ತದೆ. ನಿರ್ಬಂಧಿಸಿದಾಗ ಹೀಗಾಗುವುದಿಲ್ಲ. ಆ ವ್ಯಕ್ತಿ ನಮ್ಮ ಪೋಸ್ಟಿಗೆ ಹೊಸದಾಗಿ ಬರೆದ ಕಾಮೆಂಟು ಅವರಿಗೆ ಮಾತ್ರ ಕಾಣುತ್ತದೆ, ನಾವು ಒಪ್ಪಿದರಷ್ಟೇ ಉಳಿದವರಿಗೆ ಕಾಣುತ್ತದೆ. ಅವರ ಸಂದೇಶಗಳು ‘ಮೆಸೇಜ್ ರಿಕ್ವೆಸ್ಟ್’ ವಿಭಾಗಕ್ಕೆ ಹೋಗುತ್ತವೆ. ನಾವು ಅವನ್ನು ಓದಿದೆವೋ ಇಲ್ಲವೋ ಎಂಬುದೂ ಅವರಿಗೆ ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಕಂಪನಿಯ ಕ್ರಮಗಳಲ್ಲಿ ಇದೇ ಹೆಚ್ಚು ವಿವೇಕದ್ದು, ಏಕೆಂದರೆ ಇದು ಪದವನ್ನು ಅಳೆಯಲು ಹೋಗದೆ ಸಂಬಂಧದ ಹಿಡಿತವನ್ನು ನೊಂದವರ ಕೈಗೆ ಕೊಡುತ್ತದೆ.

2021ರಲ್ಲಿ ಬಂದ ‘ಹಿಡನ್ ವರ್ಡ್ಸ್’ ಪದಗಳನ್ನೇ ನಂಬಿದ ಉಪಾಯ. ಪಟ್ಟಿಯಲ್ಲಿರುವ ಪದಗಳಿರುವ ಸಂದೇಶಗಳನ್ನು ಅದು ಬದಿಗೆ ಸರಿಸುತ್ತದೆ, ಪಟ್ಟಿಗೆ ನಮ್ಮದೇ ಪದಗಳನ್ನೂ ಸೇರಿಸಬಹುದು. ಕನ್ನಡಿಗರು ಇಲ್ಲಿ ಒಂದು ವಿಶೇಷ ಕಷ್ಟವನ್ನು ಗಮನಿಸಬೇಕು. ನಮ್ಮ ಹುಡುಗರು ಕನ್ನಡವನ್ನು ಹೆಚ್ಚಾಗಿ ಇಂಗ್ಲಿಷ್ ಅಕ್ಷರಗಳಲ್ಲಿ, ಇಂಗ್ಲಿಷ್ ಬೆರೆಸಿ, ಒಂದೇ ಬೈಗುಳವನ್ನು ಹತ್ತು ಬಗೆಯ ಕಾಗುಣಿತದಲ್ಲಿ ಬರೆಯುತ್ತಾರೆ. ಜಾತಿಯನ್ನೋ ಮೈಬಣ್ಣವನ್ನೋ ಚುಚ್ಚುವ ಅಡ್ಡಹೆಸರುಗಳು ಊರಿಂದ ಊರಿಗೆ ಬೇರೆಯಾಗುತ್ತವೆ. ತಮಿಳು, ಮಲಯಾಳಂ ಮತ್ತು ಕನ್ನಡದ ಇಂಥ ಬೆರಕೆ ಬರಹದಲ್ಲಿ ನಿಂದನೆಯನ್ನು ಯಂತ್ರದಿಂದ ಗುರುತಿಸುವ ಸಂಶೋಧನಾ ಸ್ಪರ್ಧೆಯೊಂದು 2021ರಲ್ಲಿ ಯೂಟ್ಯೂಬ್ ಕಾಮೆಂಟುಗಳನ್ನು ಆಧರಿಸಿ ನಡೆದಿತ್ತು.

2024ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಮೊದಲಾದ ಕೆಲವು ದೇಶಗಳಲ್ಲಿ ಆರಂಭವಾದ ‘ಟೀನ್ ಅಕೌಂಟ್’ 2025ರಲ್ಲಿ ಭಾರತಕ್ಕೂ ಬಂದಿತು. ಇದರಲ್ಲಿ ಹದಿಹರೆಯದವರ ಖಾತೆ ಆರಂಭದಿಂದಲೇ ಖಾಸಗಿಯಾಗಿರುತ್ತದೆ, ಪರಿಚಯದ ವಲಯದವರು ಮಾತ್ರ ಸಂದೇಶ ಕಳುಹಿಸಬಲ್ಲರು, ಮತ್ತು 16 ವರ್ಷದೊಳಗಿನವರು ಈ ನಿಯಮಗಳನ್ನು ಸಡಿಲಿಸಲು ಹೆತ್ತವರ ಒಪ್ಪಿಗೆ ಬೇಕು. ಅಪರಿಚಿತರ ಕಾಟಕ್ಕೆ ಇದು ಒಳ್ಳೆಯ ತಡೆ. ಆದರೆ ಪೀಡಿಸುವವರು ಬಹುಪಾಲು ಪರಿಚಿತರೇ ಆದಾಗ ಬಾಗಿಲ ಬೀಗ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ.

ಫೇಸ್‌ಬುಕ್‌ನಲ್ಲಿ ಎಂಜಿನಿಯರಿಂಗ್ ವಿಭಾಗದ ಮುಖ್ಯಸ್ಥರಲ್ಲೊಬ್ಬರಾಗಿದ್ದ ಆರ್ಟುರೊ ಬೆಹಾರ್ 2023ರ ನವೆಂಬರ್‌ನಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಹೇಳಿದ ಮಾತು ಈ ಗಂಟಿನ ಮೇಲೆಯೇ ಬೆರಳಿಡುತ್ತದೆ. ನಿಯಮ ಮುರಿದ ಬರಹಗಳ ಪ್ರಮಾಣವನ್ನಷ್ಟೇ ಎಣಿಸಿದರೆ ಸಾಲದು, ಮಕ್ಕಳಿಗೆ ನಿಜವಾಗಿ ಏನು ಅನುಭವಕ್ಕೆ ಬಂತೆಂದು ಅವರನ್ನೇ ಕೇಳಿ ಅಳೆಯಬೇಕು ಎಂಬುದು ಅವರ ವಾದವಾಗಿತ್ತು.

ಭಾರತದಲ್ಲಿ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಪ್ರತಿ ಜಾಲತಾಣವೂ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕೆಂದು ವಿಧಿಸಿದವು. ಜಾರಿಗೆ ಬಂದಾಗ ಅವುಗಳ ಪ್ರಕಾರ ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿ 15 ದಿನಗಳೊಳಗೆ ಇತ್ಯರ್ಥಪಡಿಸಬೇಕಿತ್ತು, ನಗ್ನ ಚಿತ್ರ ಅಥವಾ ಮಾರ್ಫ್ ಮಾಡಿದ ಚಿತ್ರವಾದರೆ 24 ಗಂಟೆಯೊಳಗೆ ಕ್ರಮ ಕೈಗೊಳ್ಳಬೇಕಿತ್ತು. ಅಧಿಕಾರಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 2023ರಲ್ಲಿ ರಚನೆಯಾದ ಮೇಲ್ಮನವಿ ಸಮಿತಿಗೆ ಹೋಗಬಹುದು. ಆದ್ದರಿಂದ ನೋವಾದ ಕ್ಷಣದಲ್ಲಿ ಎಲ್ಲವನ್ನೂ ಅಳಿಸಿಹಾಕದೆ ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುವುದು ಬಹಳ ಮುಖ್ಯ. ಹತ್ತು ಬಾರಿ ನಡೆದದ್ದನ್ನು ಒಂದು ಕಾಮೆಂಟು ತೋರಿಸಲಾರದು, ಹತ್ತು ಸ್ಕ್ರೀನ್‌ಶಾಟುಗಳು ತೋರಿಸುತ್ತವೆ.

ಹೋಲಿಕೆಗೆ ಆಸ್ಟ್ರೇಲಿಯಾದ 2021ರ ಆನ್‌ಲೈನ್ ಸುರಕ್ಷತಾ ಕಾಯ್ದೆಯನ್ನು ಓದಬೇಕು. ಅಲ್ಲಿ ಜಾಲತಾಣಕ್ಕೆ ಕೊಟ್ಟ ದೂರು ಫಲಿಸದಿದ್ದರೆ ಇ-ಸೇಫ್ಟಿ ಆಯುಕ್ತರು ಬರಹವನ್ನು 24 ಗಂಟೆಯೊಳಗೆ ತೆಗೆಯುವಂತೆ ನೋಟಿಸ್ ಕೊಡಬಲ್ಲರು. ಬರಹದಲ್ಲಿ ಯಾವ ಪದವಿದೆ ಎಂಬುದನ್ನು ಆ ಕಾಯ್ದೆ ಕೇಳುವುದಿಲ್ಲ. ಒಂದು ನಿರ್ದಿಷ್ಟ ಮಗುವನ್ನು ಗುರಿಯಾಗಿಸಿಕೊಂಡು, ಆ ಮಗುವನ್ನು ಗಂಭೀರವಾಗಿ ಬೆದರಿಸುವ, ಕಾಡಿಸುವ ಅಥವಾ ಅವಮಾನಿಸುವ ಪರಿಣಾಮ ಅದರಿಂದ ಉಂಟಾಗುವಂತಿದೆಯೇ ಎಂದು ಕೇಳುತ್ತದೆ.