ಗುಂಡು ಕರಗುವುದಿಲ್ಲ, ಉಬ್ಬುತ್ತದೆ

ಶಾರ್ಪ್ಸ್, ರೆಮಿಂಗ್ಟನ್ ರೋಲಿಂಗ್ ಬ್ಲಾಕ್‌ನಂಥ ಹಳೆ ಮಾದರಿಯ ರೈಫಲ್‌ಗಳಲ್ಲಿ ಇಂದಿಗೂ ಗುರಿ ಹೊಡೆಯುವವರು ಅಮೆರಿಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಂದು ಸಲಕ್ಕೆ ಒಂದೇ ತೋಟಾ. ಸೀಸ ಕರಗಿಸಿ, ಅಚ್ಚಿಗೆ ಎರೆದು, ಗುಂಡನ್ನು ತಾವೇ ಮಾಡಿಕೊಳ್ಳುತ್ತಾರೆ. ಇಷ್ಟು ಶ್ರದ್ಧೆ ಇರುವ ಜನರ ನಡುವೆಯೂ ಒಂದು ಹಟಮಾರಿ ನಂಬಿಕೆ ಓಡಾಡುತ್ತಿದೆ. ನಳಿಗೆಯ ಒಳಗೆ ಸೀಸ ಮೆತ್ತಿಕೊಂಡರೆ, ಮದ್ದಿನ ಉರಿಗೆ ಗುಂಡಿನ ಬುಡ ಕರಗಿತಂತೆ. ಆದ್ದರಿಂದ ಇನ್ನೂ ಗಟ್ಟಿ ಗುಂಡು ಬೇಕಂತೆ!

ಕರಗುವ ಮಾತು ಮೊದಲು ನೋಡೋಣ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಮದ್ದಿನ ಉರಿ ಅದಕ್ಕಿಂತ ಎಷ್ಟೋ ಬಿಸಿ, ನಿಜ. ಆದರೆ ಗುಂಡು ನಳಿಗೆಯಲ್ಲಿ ಇರುವುದು ಕೆಲವೇ ಮಿಲಿಸೆಕೆಂಡು. ಅಷ್ಟರಲ್ಲಿ ಶಾಖ ಒಳಗೆ ಇಳಿಯುವುದಿಲ್ಲ. ದೂರದ ಗುರಿಗೆ ಹೊಡೆಯುವವರು ಗುಂಡಿಗೆ ತೆಳು ಕಾಗದ ಎರಡು ಸುತ್ತು ಸುತ್ತುವುದುಂಟು. ಹೊಡೆದ ಮೇಲೆ ಆ ಕಾಗದ ಚೂರುಚೂರಾಗಿ ಮುಂದೆ ಬಿದ್ದಿರುತ್ತದೆ. ಹರಿದಿರುತ್ತದೆ, ಸುಟ್ಟಿರುವುದಿಲ್ಲ. ಕಾಗದವೇ ಸುಡದ ಮೇಲೆ ಸೀಸ ಕರಗುತ್ತಾ?

ಹಾಗಾದರೆ ಸೀಸ ಮೆತ್ತುವುದು ಏಕೆ? ಹೆಚ್ಚಾಗಿ ಗುಂಡಿನ ಪಕ್ಕದಿಂದ ಅನಿಲ ನುಸುಳುವುದರಿಂದ. ನಳಿಗೆಯ ಒಳಮೈಯಲ್ಲಿ ಸುರುಳಿ ಗೆರೆಗಳಿವೆ. ಗುಂಡು ಅವುಗಳ ಆಳದವರೆಗೆ ತುಂಬಿಕೊಳ್ಳಬೇಕು. ಸಂದು ಉಳಿದರೆ, ವಾತಾವರಣಕ್ಕಿಂತ ಸಾವಿರ ಪಟ್ಟಿಗೂ ಜಾಸ್ತಿ ಒತ್ತಡದ ಅನಿಲ ಅಲ್ಲಿಂದ ನುಗ್ಗಿ ಸೀಸವನ್ನು ಕೆರೆದು ಹಾಕುತ್ತದೆ. ಮೆತ್ತನೆಯ ಗುಂಡಾದರೆ ಆ ಸಂದನ್ನು ತಾನೇ ಮುಚ್ಚಿಕೊಳ್ಳುತ್ತದೆ.

ನನಗೆ ತುಂಬಾ ಇಷ್ಟವಾದ ಭಾಗ ಇದು. ಗುಂಡನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದಿದ್ದೇವೆ ಅಂದುಕೊಳ್ಳಿ. ಮೂತಿಯ ಬಿಲ್ಲೆಗೆ ತನ್ನನ್ನು ತಾನು ಸಾಗಿಸಿಕೊಂಡರೆ ಸಾಕು. ಅದರ ಹಿಂದಿನದು ಎರಡನ್ನು ತಳ್ಳಬೇಕು. ಬುಡದ ಬಿಲ್ಲೆ ಇಡೀ ಗುಂಡನ್ನು ತಳ್ಳಬೇಕು. ಹೀಗಾಗಿ ಹಿಸುಕಾಟ ಬುಡದಲ್ಲಿ ಅತಿ ಹೆಚ್ಚು, ಮೂತಿಯ ತುದಿಯಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ರೊಟ್ಟಿ ಹಿಟ್ಟಿನ ಉಂಡೆಯನ್ನು ಅಂಗೈಯಿಂದ ಒತ್ತಿದರೆ ಅಗಲವಾಗುತ್ತದಲ್ಲ, ಬುಡವೂ ಹಾಗೆಯೇ ಅಗಲವಾಗಿ ಗೆರೆಗಳನ್ನು ತುಂಬುತ್ತದೆ. ಈ ರೈಫಲ್‌ಗಳಿಗೆ ಹಾಕುವ ಹಳೇ ಕಾಲದ ಕಪ್ಪು ಮದ್ದು ದಿಢೀರನೆ ಉರಿಯುವುದರಿಂದ ಈ ಹೊಡೆತ ಇನ್ನೂ ಚುರುಕು. ಅದೇ ಮದ್ದಿನ ಮುಂದೆ ತೀರಾ ಗಟ್ಟಿ ಗುಂಡು ಇಟ್ಟರೆ ಅದು ಸಾಕಷ್ಟು ಉಬ್ಬುವುದಿಲ್ಲ. ಸಂದು ಹಾಗೇ ಉಳಿಯುತ್ತದೆ, ಸೀಸ ಮೆತ್ತುತ್ತದೆ. ಮಾಲೀಕ ಮುಂದಿನ ಸಲ ಇನ್ನೂ ಗಟ್ಟಿ ಮಾಡುತ್ತಾನೆ!

ತೀರಾ ಮೆತ್ತಗಾದರೂ ಕಷ್ಟ, ಮೂತಿ ಸೊಟ್ಟಗಾಗುತ್ತದೆ. ಅದಕ್ಕೇ 16 ಅಥವಾ 20 ಪಾಲು ಸೀಸಕ್ಕೆ ಒಂದು ಪಾಲು ತವರ. ಬ್ರಿನೆಲ್ ಅಳತೆಯಲ್ಲಿ ಬರೀ ಸೀಸದ ಗಡಸು ಸುಮಾರು 5. ಈ ಬೆರಕೆಯದು ಅದರ ಎರಡರಷ್ಟರ ಹತ್ತಿರ. ತವರ ಸೇರಿದರೆ ಎರಕ ಅಚ್ಚಿನ ಮೂಲೆಗಳಿಗೂ ಚೆನ್ನಾಗಿ ಹರಿಯುತ್ತದೆ.

ಉಬ್ಬುವ ಗುಂಡಿನ ಚರಿತ್ರೆ ನಮ್ಮ ಕಡೆಗೂ ಬಂದು ಹೋಗಿದೆ. ಸುರುಳಿ ಗೆರೆಯ ಬಂದೂಕೇ ಮುಂದೆ ಗೆಲ್ಲುತ್ತದೆ ಎಂದು 18ನೇ ಶತಮಾನದಲ್ಲೇ ವಾದಿಸಿದ ಬೆಂಜಮಿನ್ ರಾಬಿನ್ಸ್ ಈಸ್ಟ್ ಇಂಡಿಯಾ ಕಂಪನಿಯ ಇಂಜಿನಿಯರ್ ಆಗಿ ಬಂದು, 1751ರಲ್ಲಿ ಕಡಲೂರಿನ ಹತ್ತಿರದ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಆಗಿನ ತೊಡಕು, ಬಿಗಿಯಾದ ಗುಂಡನ್ನು ನಳಿಗೆಯ ಬಾಯಿಂದ ಬಡಿದು ಇಳಿಸಬೇಕಿತ್ತು. ಸಡಿಲವಾಗಿ ಇಳಿದು, ಹೊಡೆದಾಗ ಉಬ್ಬುವ ಗುಂಡನ್ನು ರೂಪಿಸಿದವನು ಬ್ರಿಟಿಷ್ ಸೇನೆಯ ಕ್ಯಾಪ್ಟನ್ ನಾರ್ಟನ್. ದಕ್ಷಿಣ ಭಾರತದ ಊದುಕೊಳವೆಯ ಬಾಣ ನೋಡಿ ಅವನಿಗೆ ಇದು ಹೊಳೆಯಿತು ಎಂಬ ಕತೆಯಿದೆ. 1849ರಲ್ಲಿ ಫ್ರಾನ್ಸಿನ ಮಿನಿಯೇ ಅದನ್ನು ಸೈನ್ಯಕ್ಕೆ ಒಗ್ಗಿಸಿದ. ಅದೇ ಜಾತಿಯ ಗುಂಡು ಬ್ರಿಟಿಷ್ ಸೇನೆಯ ಎನ್‌ಫೀಲ್ಡ್ ಬಂದೂಕಿಗೂ ಬಂತು. ಕಪ್ಪು ಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ತೂಕ ಮಸಿಯಾಗಿ, ಹೊಗೆಯಾಗಿ ಉಳಿಯುತ್ತದೆ. ಮಸಿ ಗಟ್ಟಿಯಾಗಬಾರದು ಅಂತ ತೋಟಾಕ್ಕೆ ಕೊಬ್ಬು, ಜೇನುಮೇಣ ಹಚ್ಚುತ್ತಿದ್ದರು. 1857ರಲ್ಲಿ ಸಿಪಾಯಿಗಳು ಕೆರಳಿದ್ದು ಈ ಕೊಬ್ಬಿನ ವಿಚಾರಕ್ಕೂ ಹೌದು.

ಇನ್ನೊಂದು ಭಯವೂ ಇದೆ, ಎರಕದ ಪಾತ್ರೆಯಿಂದ ಸೀಸದ ಆವಿ ಎದ್ದು ಕೊಲ್ಲುತ್ತದೆ ಅಂತ. ಸೀಸ ಕುದಿಯುವುದು 1749 ಡಿಗ್ರಿಗೆ. ಎರಕ ಅದರ ಹತ್ತಿರಕ್ಕೂ ಹೋಗುವುದಿಲ್ಲ. ಗಾಳಿಯಾಡುವ ಜಾಗ ಬೇಕೇ ಬೇಕು. ಆದರೆ ಜಾಸ್ತಿ ಹೆದರಬೇಕಾದದ್ದು ಮೇಲೆ ಕಟ್ಟುವ ಕಿಟ್ಟದ ಪುಡಿಗೆ. ಅದು ಕೈಗಂಟಿ, ಊಟದ ಜೊತೆ ಹೊಟ್ಟೆಗೆ ಹೋಗುತ್ತದೆ. ಕಾದ ಸೀಸದೊಳಗೆ ಒಂದು ಹನಿ ನೀರು ಸೇರಿದರಂತೂ ಅದು ಥಟ್ಟನೆ ಆವಿಯಾಗಿ, ಪಾತ್ರೆಯಲ್ಲಿದ್ದ ಸೀಸ ಮುಖಕ್ಕೆ ಸಿಡಿಯುತ್ತದೆ.